ಸ್ನೋ ಡಬ್ಬಿಗೆ ಬಿದ್ದ ಚಿಟಿಕೆ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ವೀರವ್ವ ಬಣ್ಣಕ್ಕೆ ಅದ್ದಿದ ನೂಲಿನ ಕಪ್ಪು ಎಷ್ಟು ಒಗೆದರೂ ಬಿಡುತ್ತಿರಲಿಲ್ಲ. ಆ ಹೆಮ್ಮೆಯಲ್ಲೇ ಬಾಳಿದವಳು ಅವಳು. ತೀರಿಹೋದ ಅಕ್ಕನ ಮಗಳು ಬನಶಂಕರಿಯನ್ನು ಸಾಕಿ, ಮಗ್ಗಕ್ಕೆ ಕೂರಿಸಿದವಳೂ ಅವಳೇ. ಆದರೆ ಹುಡುಗಿಯ ಮೈಬಣ್ಣ ಮಾತ್ರ ಅವಳನ್ನು ಕೊರೆಯುತ್ತಿತ್ತು. ನೂಲಿನಲ್ಲಿ ಮೆಚ್ಚಿದ ಕಪ್ಪನ್ನು ಆ ಮುಖದಲ್ಲಿ ಅವಳು ಮೆಚ್ಚಲಾರಳು.

ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮರುವರ್ಷ ನರಗುಂದದ ನೇಕಾರ ಮನೆತನವೊಂದು ಹೆಣ್ಣು ನೋಡಲು ಬರುವುದಾಗಿ ಹೇಳಿ ಕಳಿಸಿತು. ವೀರವ್ವ ಪೇಟೆಯಿಂದ ಮುಖ ಬೆಳ್ಳಗಾಗಲು ಹಚ್ಚುವ ಸ್ನೋ ಡಬ್ಬಿ ತಂದು, ಅದರ ಮೇಲಿನ ಇಂಗ್ಲಿಷನ್ನು ಓದಿಸಲು ಕಂಪೌಂಡರರ ಹೆಂಡತಿ ಶಾರದಾಬಾಯಿಯ ಬಳಿ ಹೋದಳು.

"ಮೇಣದಂಥಾ ಕೊಬ್ಬು, ನೀರು, ವಾಸನಿ, ಇಷ್ಟ ನೋಡವಾ. ತೊಗಲು ಮೆತ್ತಗಾಗ್ತದ, ಬಣ್ಣ ಹೋಗೂದಿಲ್ಲ," ಎಂದಳು ಶಾರದಾಬಾಯಿ ಓದಿ ನೋಡಿ.

"ಬಣ್ಣದ ಮಾತು ನನಗ ಹೇಳ್ತೀರೇನ್ರಿ, ಬಾಯಾರ?" ಎಂದು ವೀರವ್ವ ನಕ್ಕು ಬಂದಳು.

ವಾರವಿಡೀ ಹಚ್ಚಿದರೂ ಮುಖ ಬದಲಾಗಲಿಲ್ಲ. ನೂಲು ಬೆಳ್ಳಗಾಗಲು ಬರೀ ಸಬಕಾರದಿಂದ ತೊಳೆದರೆ ಸಾಲದು, ಬ್ಲೀಚಿಂಗ್ ಪುಡಿಯೇ ಬೇಕೆಂಬುದು ಅವಳ ಕೈ ಬಲ್ಲ ವಿದ್ಯೆ. ಗಂಡಿನವರು ಬರುವ ಹಿಂದಿನ ದಿನ ಸ್ನೋದಲ್ಲಿ ಆ ಪುಡಿಯನ್ನು ಒಂದು ಚಿಟಿಕೆ ಕಲಸಿ ಹುಡುಗಿಯ ಕೆನ್ನೆಗೆ ಬಳಿದಳು.

"ಉರೀತೈತಿ, ಚಿಗವ್ವ!"

"ಉರದ್ರನ ಬಣ್ಣ ಬಿಡ್ತೈತಿ. ಸುಮ್ಮನ ಕೂಡು."

ಮರುದಿನ ಕೆನ್ನೆಗಳ ತೊಗಲು ಕಿತ್ತು ಕೆಂಪಗಾಗಿತ್ತು.

ಗಂಡಿನ ತಾಯಿ ರಾಚವ್ವ ಹುಡುಗಿಯನ್ನು ಕಂಡವಳೇ ಹಿಂದೆ ಸರಿದಳು. "ಏನವಾ ಇದು? ತೊಗಲಿನ ಬ್ಯಾನಿ ಐತೇನು?"

"ಇಲ್ರಿ. ನಾನ ಗೊತ್ತಿಲ್ದ ಏನೋ ಹಚ್ಚಿಕೊಂಡ್ನಿ," ಎಂದಳು ಬನಶಂಕರಿ, ಚಿಗವ್ವನ ಕಡೆ ನೋಡದೆ.

"ಕರಿ ಹುಡುಗಿ ಅಂತ ಗೊತ್ತಿದ್ದ ಬಂದೀವಿ ನಾವು. ನೀ ನೇಯ್ದ ಸೀರಿ ನೋಡಿ ಬಂದೀವಿ. ಇಷ್ಟೂ ತಿಳಿವಳಿಕಿ ಇಲ್ಲದಾಕಿನ್ನ ಹ್ಯಾಂಗ ಮನಿ ತುಂಬಿಸ್ಕೊಳ್ಳೂದು?"

ಆ ಕಪ್ಪು ತನ್ನೊಬ್ಬಳ ಕಣ್ಣಿಗಷ್ಟೇ ಕೊರತೆಯಾಗಿತ್ತೆಂದು ವೀರವ್ವನಿಗೆ ಹೊಳೆದು, ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸುಮ್ಮನಿದ್ದರೆ ತನ್ನ ಮಾನ ಉಳಿಯುತ್ತಿತ್ತು, ಹುಡುಗಿಯದು ಹೋಗುತ್ತಿತ್ತು.

"ಆಕಿ ಸುಳ್ಳ ಹೇಳ್ತಾಳ್ರಿ," ಎಂದಳು ಕಡೆಗೆ, ನೆಲ ನೋಡುತ್ತ. "ಹಚ್ಚಿದಾಕಿ ನಾನು. ನೂಲಿಗೆ ಹಾಕೂ ಪುಡಿ ಹಚ್ಚೀನಿ."

ರಾಚವ್ವ ಅವಳ ಕೈಗಳನ್ನೇ ನೋಡಿದಳು. ಆ ನೋಟಕ್ಕೆ ವೀರವ್ವ ಅವನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಗಾಯ ಮಾಯಲಿ. ಆಮ್ಯಾಲ ಬರ್ತೀವಿ. ಹುಡುಗಿ ಸಲುವಾಗಿ," ಎಂದು ರಾಚವ್ವ ಎದ್ದಳು.

ಅವರು ಹೋದ ಮೇಲೆ ಬನಶಂಕರಿ ಬೆಣ್ಣೆಯ ಬಟ್ಟಲನ್ನು ತಂದಿಟ್ಟು, ಸುಟ್ಟ ಮುಖವನ್ನು ಎಂದಿನಂತೆ ಚಿಗವ್ವನಿಗೆ ಒಡ್ಡಿ ಕೂತಳು.

"ಹಚ್ಚ ಚಿಗವ್ವ, ಉರೀತೈತಿ."

ವೀರವ್ವ ಬಟ್ಟಲಿಗೆ ಬೆರಳು ಚಾಚಿದಳು. ಉಗುರಿನ ಸಂದಿಯಲ್ಲಿ ಅಂಟಿದ್ದ ನೂಲಿನ ಬಣ್ಣದ ಕಪ್ಪು ಕಣ್ಣಿಗೆ ಬಿತ್ತು. ಆ ಮುಖದತ್ತ ಕೈ ಮೇಲೇಳಲಿಲ್ಲ.