ಬಿಗಿಯದ ಗಾಲಿ

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಕಾರಿನ ಗಾಲಿ ಬದಲಿಸುವುದನ್ನು ಕಲಿಸುತ್ತಿದ್ದೆ. ಕಾರು ಹೆಡ್ಮಾಸ್ತರರದು. ಗಾಲಿ ಬಿಚ್ಚಿ ಮತ್ತೆ ಹಾಕಿ, ನಟ್ಟುಗಳನ್ನು ಬರಿಗೈಯಲ್ಲಿ ತಿರುಗಿಸಿ, ಜಾಕ್ ಇಳಿಸಿದ್ದೆವು. ಪಾನಾ ಹಾಕಿ ಬಿಗಿಯುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಓಡಿದರು. ನಾನು ಕೈ ತೊಳೆಯಲು ನಲ್ಲಿಗೆ ಹೋದೆ.

ತಿರುಗಿ ಬಂದರೆ ಹೆಡ್ಮಾಸ್ತರರು ಡ್ರೈವರ್ ಸೀಟಿನಲ್ಲಿ ಕೂತು ಏನೋ ಹುಡುಕುತ್ತಿದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ಅವರಿಗೆ ಮೀಟಿಂಗ್ ಇತ್ತು. ಹಾಗೇ ಹೊರಟಿದ್ದರೆ ಆ ಗಾಲಿ ಊರು ದಾಟುವ ಮೊದಲೇ ಕಳಚಿ ಬೀಳುತ್ತಿತ್ತು. ನಾನು ಓಡಿದೆ.

"ಕೀಲಿ ಎಲ್ಲೈತ್ರಿ? ಇದರಾಗ ಬಿಟ್ಟಿದ್ನಲ್ಲ!" ಎಂದು ನನ್ನ ಮೇಲೇ ರೇಗಿದರು.

ನನ್ನ ಕ್ಲಾಸಿನ ಹುಡುಗಿಯೊಬ್ಬಳು ಅನ್ನಸಾರಿನ ತಟ್ಟೆ ಹಿಡಿದುಕೊಂಡೇ ಬಂದಳು.

"ನನ್ನ ಹತ್ರ ಐತ್ರಿ ಸರ್. ನಟ್ಟು ಬಿಗಿ ಆಗಿಲ್ರಿ, ಈಗ ಕೊಡಂಗಿಲ್ಲ."

"ಯಾರವಾ ನಿನಗ ತಗೋ ಅಂದೋರು?" ಎಂದರು ಹೆಡ್ಮಾಸ್ತರರು.

"ಯಾರೂ ಅಂದಿಲ್ರಿ. ನಮ್ಮಪ್ಪ ಟ್ರ್ಯಾಕ್ಟರ್ ಬಿಚ್ಚಿದಾಗ ಕೀಲಿ ನಮ್ಮವ್ವನ ಸೆರಗಿನಾಗ ಇರತೈತ್ರಿ. ಕೆಲಸ ಮುಗಿಯೋತನ ಅಕಿ ಯಾರಿಗೂ ಕೊಡಂಗಿಲ್ಲ, ಅಪ್ಪಗೂ."

ಆಗ ನನಗೆ ಉಸಿರು ಬಂತು. ಪಾನಾವನ್ನು ಅವಳ ಕೈಗೆ ಕೊಟ್ಟೆ, ತಟ್ಟೆಯನ್ನು ನಾನು ಹಿಡಿದುಕೊಂಡೆ. ಅವಳು ಮೈಭಾರವೆಲ್ಲ ಹಾಕಿ ಒಂದೊಂದೇ ನಟ್ಟನ್ನು ಬಿಗಿದಳು. ಆಮೇಲೆಯೇ ಕೀಲಿ ಕೊಟ್ಟಳು.

ಹೆಡ್ಮಾಸ್ತರರು ಗಾಲಿಯನ್ನು ನೋಡಿದರು, ನನ್ನನ್ನು ನೋಡಿದರು, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಬಸ್ಸಿಗೆ ಹೋದರು. ಆ ಬಸ್ಸಿನ ನಟ್ಟು ಯಾರು ಬಿಗಿದಿದ್ದರೆಂದು ಅವರು ವಿಚಾರಿಸಿದಂತೆ ಕಾಣಲಿಲ್ಲ.