ಟೆಸ್ಟಿಂಗ್ ಕ್ಯಾಸೆಟ್ಟಿನ ಗಿಟಾರ್ ಗುರು

ಸುಡುಸುಡುವ ಟೀ ಲೋಟವನ್ನು ಗುರುಗಳು ಎಡಗೈ ಬೆರಳ ತುದಿಗಳಲ್ಲೇ ಹಿಡಿದು ಹರಟೆ ಹೊಡೆಯುತ್ತಿದ್ದರು. ತಂತಿ ಒತ್ತಿ ಒತ್ತಿ ಆ ತುದಿಗಳು ಜಡ್ಡುಗಟ್ಟಿದ್ದವು. ತಾಂಡ್ಯದ ನಮ್ಮ ಫ್ಯಾಕ್ಟರಿಯಲ್ಲಿ ಅವರು ಎಲೆಕ್ಟ್ರಿಶಿಯನ್, ನಾನು ಸ್ಟೋರ್ಸಿನ ಗುಮಾಸ್ತೆ. ಊಟದ ಬಿಡುವಿನಲ್ಲಿ ನನಗೆ ಗಿಟಾರ್ ಕಲಿಸಿದ ಗುರು ಅವರು. ತಪ್ಪಿದರೆ "ತಂತೀನ ಕೆರೀಬ್ಯಾಡ ಕಣವ್ವಾ, ಮಾತಾಡ್ಸು" ಎನ್ನುತ್ತಿದ್ದರು.

ಹರೆಯದಲ್ಲಿ, ಆರ್ಕೆಸ್ಟ್ರಾದಲ್ಲಿದ್ದಾಗ, ರಾಕ್ ಅಂಡ್ ರೋಲ್ ಧಾಟಿಯಲ್ಲಿ ಬರೀ ಗಿಟಾರಿನದೊಂದು ಕ್ಯಾಸೆಟ್ ಹೊರತಂದಿದ್ದರಂತೆ. ಮೊದಲ ಕೆಲಸ, ಒಳ್ಳೆಯದಾಗಲೆಂದು ಹೊದಿಕೆಯ ಮೇಲೆ ನಂಜುಂಡೇಶ್ವರನ ಚಿತ್ರ ಹಾಕಿಸಿಬಿಟ್ಟರು. ಭಕ್ತಿಗೀತೆಯೆಂದು ಕೊಂಡವರು ಬೆಳಗ್ಗೆ ದೀಪ ಹಚ್ಚಿ ಹಾಕಿದರೆ ಕೇಳಿಸಿದ್ದು ಕುಣಿಯುವ ಗಿಟಾರ್! ಸಂಜೆಯೊಳಗೆ ಹೆಚ್ಚುಕಮ್ಮಿ ಎಲ್ಲ ಅಂಗಡಿಗೆ ವಾಪಸ್. ಬೇಸತ್ತ ಗುರುಗಳು ಮಿಕ್ಕದ್ದನ್ನೆಲ್ಲ ಭಜನೆ ಮಂಡಳಿಗೆ ಕೊಟ್ಟರು. ಮಂಡಳಿಯವರು ಗಿಟಾರನ್ನು ಅಳಿಸಿ ಅದರ ಮೇಲೆಯೇ ಭಜನೆ ತುಂಬಿಕೊಂಡರು.

"ಒಬ್ರೂ ಪೂರ್ತಿ ಕೇಳ್ನಿಲ್ಲ ಕಣವ್ವಾ. ಈಗ ನನ್ನತ್ರಾನೂ ಒಂದಿಲ್ಲ" ಎಂದು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಮುಂದೊಮ್ಮೆ ಮೂಗೂರಿನಲ್ಲಿ ಸಹೋದ್ಯೋಗಿಯ ಮಗಳ ಮದುವೆ. ಬೆಳಗ್ಗೆ ಮೈಕ್ ಸೆಟ್ಟಿನ ಯಜಮಾನರು ಹಳೆಯ ಟೇಪಿಗೆ ಕ್ಯಾಸೆಟ್ಟೊಂದನ್ನು ತುರುಕಿದರು. ಗಿಟಾರ್ ಶುರುವಾಯಿತು. ಅದು ಯಾರ ಕೈ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಓಡಿಹೋಗಿ ನೋಡಿದರೆ ಹೊದಿಕೆಯ ಮೇಲೆ ನಂಜುಂಡೇಶ್ವರ!

"ಇದು ನಮ್ ಟೆಸ್ಟಿಂಗ್ ಕ್ಯಾಸೆಟ್ಟು, ಸೆಟ್ಟು ಸರ್ಯಾಗದಾ ಅಂತ ನೋಡಾಕೆ. ಮಾತಿಲ್ಲ, ಅದ್ಕೇ ಯಾರ್ದೂ ತಕರಾರಿಲ್ಲ. ಮೂವತ್ತು ವರ್ಸದಿಂದ ಇದನ್ನ ಆಕ್ದೆ ಒಂದ್ ಮದ್ವೇನೂ ಸುರು ಮಾಡಿಲ್ಲ" ಎಂದರು ಯಜಮಾನರು.

ನಾನು ಫೋನ್ ಮಾಡಿದ್ದೇ ತಡ, ಗುರುಗಳು ನರಸೀಪುರದಲ್ಲಿ ಬಸ್ಸು ಬದಲಿಸಿ ಬಂದೇಬಿಟ್ಟರು. ಅವರಿಗಾಗಿ ಕ್ಯಾಸೆಟ್ಟನ್ನು ಮತ್ತೆ ಹಾಕಿಸಿದೆ. ಅಡುಗೆ ಚಪ್ಪರದಿಂದ ಮುದುಕಿಯೊಬ್ಬರು ರೇಗಿದರು: "ಇದ್ಯಾಕ್ಲಾ ಮತ್ತೆ ಆಕ್ದೆ? ಇದು ಕೇಳುದ್ರೆ ಒಲೆ ಅಚ್ಚೋರಲ್ವಾ ನಾವು, ಈಗ ಇನ್ನೊಂದ್ಸಲ ಅಚ್ಬೇಕಾ!"

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಮರುಗಳಿಗೆಯೇ "ಮೂರ್ನೇ ಟ್ಯೂನಲ್ಲಿ ಎರಡ್ನೇ ತಂತಿ ಸ್ರುತಿ ಇಳ್ದದೆ" ಎಂದು ತಮ್ಮದೇ ತಪ್ಪು ಹಿಡಿದರು. ಕ್ಯಾಸೆಟ್ಟನ್ನು ನೀವೇ ಇಟ್ಟುಕೊಳ್ಳಿ ಎಂದು ಯಜಮಾನರು ಚಾಚಿದರೆ ಮುಟ್ಟಲಿಲ್ಲ. "ಬ್ಯಾಡಿ ಸಾ. ನಮ್ಮನೇಲಾದ್ರೆ ಬೀರೂಲಿ ಸುಮ್ನೆ ಕುಂತಿರ್ತದೆ. ಇಲ್ಲಿ ದುಡೀತದೆ" ಎಂದರು.

ಹೋದ ವರ್ಷ ಗುರುಗಳು ತೀರಿಕೊಂಡರು. ಯಜಮಾನರು ಈಗಲೂ ಮದುವೆಗಳಲ್ಲಿ ಅದನ್ನೇ ಹಾಕುತ್ತಾರೆ. ಹಾಕುವ ಮುಂಚೆ "ಹಲೋ ಹಲೋ" ಎನ್ನುವ ಬದಲು, ಗುರುಗಳ ಹೆಸರನ್ನು ಮೈಕಿನಲ್ಲಿ ಮೂರು ಸಲ ಹೇಳುತ್ತಾರೆ.