ಸಾಸಿವೆಗಣ್ಣಿಗೆ ಬಿದ್ದ ಸುಣ್ಣ

ವೀಳ್ಯದೆಲೆಗೆ ಸುಣ್ಣ ಎಷ್ಟು ಹಚ್ಚಬೇಕೆಂಬ ವಿಷಯದಲ್ಲಿ ನನಗೂ ನನ್ನ ಹೆಂಡತಿ ಸಾವಿತ್ರಿಗೂ ಮದುವೆಯಾದಂದಿನಿಂದ ಒಮ್ಮತವಿಲ್ಲ. ನಾನು ಬೆರಳ ತುದಿಯಷ್ಟು ಎಂದರೆ ಅವಳು ಉಗುರ ತುದಿಯಷ್ಟು ಎನ್ನುತ್ತಾಳೆ. ಈ ಘನಗಂಭೀರ ಸಿದ್ಧಾಂತಭೇದಕ್ಕೆ ಸಾಗರದ ನಮ್ಮ ಮನೆಯ ಗೋಡೆಗಳೇ ಸಾಕ್ಷಿ.

ಹೀಗಿರಲು ನನ್ನ ದನಿ ಬಿದ್ದುಹೋಯಿತು. ಯಕ್ಷಗಾನದ ತಾಳಮದ್ದಳೆಯಲ್ಲಿ ಎದುರಾಳಿಯನ್ನು ಬರೀ ಮಾತಿನಿಂದ ಮಣಿಸುವ ಅರ್ಥಧಾರಿ ನಾನು. ವೇಷವಿಲ್ಲ, ಕುಣಿತವಿಲ್ಲ, ಗಂಟಲೊಂದೇ ಬಂಡವಾಳ. ಮಳೆಗಾಲ ಮುಗಿದರೂ ಅದು ಸರಿಹೋಗದಿದ್ದಾಗ, ಮನಸ್ಸಿನಲ್ಲಿದ್ದ ಆ ಕಾಯಿಲೆಯ ಹೆಸರನ್ನು ಇಬ್ಬರೂ ಬಾಯಿಬಿಟ್ಟು ಹೇಳದೆ ನನ್ನ ಗಂಟಲನ್ನು ವರ್ಷಗಳಿಂದ ನೋಡುತ್ತಿದ್ದ ತೀರ್ಥಹಳ್ಳಿಯ ಡಾಕ್ಟರಮ್ಮನ ಬಳಿಗೆ ಹೊರಟೆವು. ನಿಜ ಹೇಳಬೇಕೆಂದರೆ ನನಗೆ ವಿಪರೀತ ಹೆದರಿಕೆಯಾಗಿತ್ತು. ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸುವಾಗ ಧೈರ್ಯಕ್ಕೆಂದು ಒಂದು ಕವಳ ಹಾಕಿದೆ. ಎಲೆ, ಅಡಿಕೆ, ಬೆರಳ ತುದಿಯ ಸುಣ್ಣ. ದಾರಿಯುದ್ದಕ್ಕೂ ಅದನ್ನು ದವಡೆಯಲ್ಲಿಟ್ಟುಕೊಂಡು ಬಂದು, ಆಸ್ಪತ್ರೆಯ ಹೊರಗೆ ಉಗಿದು ಒಳಹೊಕ್ಕೆ.

ಡಾಕ್ಟರಮ್ಮ ಹೊಸದಾಗಿ ತರಿಸಿದ್ದ, ತೆಳು ಕೊಳವೆಯ ತುದಿಯಲ್ಲಿ ಗಂಟಲಿಗಿಳಿಯುವ ಕ್ಯಾಮೆರಾ ಸಾಸಿವೆ ಕಾಳಿನಷ್ಟಿತ್ತು. ಉಬ್ಬಿದ ಗಾಜಿನ ಬದಲು, ಬೆಳಕಿನ ಅಲೆಗಿಂತ ಸಣ್ಣ ಕಂಬಗಳನ್ನು ನೆಟ್ಟ ಚಪ್ಪಟೆ ಬಿಲ್ಲೆಯೊಂದು ಬೆಳಕನ್ನು ಬಾಗಿಸುತ್ತದಂತೆ. ಅದು ಹಿಡಿದ ಮಸುಕು ಚಿತ್ರವನ್ನು ಕೃತಕ ಬುದ್ಧಿಮತ್ತೆ ತಿದ್ದಿ ತಿಳಿಯಾಗಿಸುತ್ತದಂತೆ. ನನ್ನ ಸಹಜ ಬುದ್ಧಿಮತ್ತೆಗೆ ದಕ್ಕಿದ್ದು ಇಷ್ಟೇ. ಚಿತ್ರ ಮೂಡುವ ಪರದೆಯೂ ಅವರ ಕನ್ನಡಕದ ಗಾಜಿನೊಳಗೇ ಅಡಗಿತ್ತಾದ್ದರಿಂದ, ನನ್ನ ಗಂಟಲು ಅವರಿಗೆ ಕಂಡರೆ ನನಗೆ ಕಂಡದ್ದು ಅವರ ಮುಖ ಮಾತ್ರ. ಅದು ನಿಧಾನವಾಗಿ ಬಿಗಿಯಿತು.

“ನಾಲಿಗೆ ಬುಡದಲ್ಲಿ ಬೆಳ್ಳಗೆ ಎಂತದೋ ಇದೆ. ಮಷೀನೂ ಅಲ್ಲೇ ಗುರುತು ಹಾಕ್ತಿದೆ. ಬೆಳಿಗ್ಗೆಯಿಂದ ಎಂತ ತಿಂದಿದೀರಿ?”

“ಎಂತದೂ ಇಲ್ಲ,” ಎಂದು ಕ್ಯಾಮೆರಾ ಹೊರಬಂದೊಡನೆ ಪಿಸುಗುಟ್ಟಿದೆ.

ಸುಳ್ಳಲ್ಲ, ಓದುಗ ಮಹಾಶಯರೇ! ನಮ್ಮ ಕಡೆ ಕವಳವನ್ನು ತಿಂದ ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ. ಉಸಿರಾಡಿದೆನೆಂದು ಡಾಕ್ಟರಿಗೆ ವರದಿ ಒಪ್ಪಿಸುವವರುಂಟೇ?

“ಹಾಗಾದ್ರೆ ಚೂರು ತೆಗೆದು ಟೆಸ್ಟಿಗೆ ಕಳಿಸ್ಬೇಕು,” ಎಂದರು. ಮಾತು ಮಾರಿ ಹೆಸರು ಮಾಡಿದ ನಾನು ಸಾವಿತ್ರಿಯ ಕಡೆ ತಿರುಗಿದೆ.

ಪಕ್ಕದಲ್ಲಿದ್ದ ಸಾವಿತ್ರಿ ಎದ್ದು ನಿಂತಳು. “ಎಂತದೂ ಇಲ್ವಾ? ರಿಪ್ಪನ್‌ಪೇಟೇಲಿ ಹಾಕಿದ ಕವಳ ಎಂತದು ಮಾರಾಯ್ರೆ?”

ಡಾಕ್ಟರಮ್ಮ ಕನ್ನಡಕ ತೆಗೆದರು. “ನಿಮ್ಮ ಬಾಯಿ ಯಾವತ್ತೂ ಕೆಂಪೇ. ಇವತ್ತಿಂದು ಯಾವ್ದು ಅಂತ ನಾನು ಹೇಗೆ ತಿಳ್ಕೊಳ್ಲಿ? ಹೋಗಿ, ಬಾಯಿ ಚೆನ್ನಾಗಿ ಮುಕ್ಕಳಿಸ್ಕೊಂಡು ಬನ್ನಿ.”

ಸಾಸಿವೆಗಣ್ಣು ಮತ್ತೆ ಗಂಟಲಿಗಿಳಿಯಿತು. ಸಾವಿತ್ರಿ ನನ್ನ ಕೈ ಹಿಡಿದಿದ್ದಳೋ, ನಾನು ಅವಳದನ್ನೋ, ನೆನಪಿಲ್ಲ. ಡಾಕ್ಟರಮ್ಮನ ಹುಬ್ಬು ಸಡಿಲಾಗುವುದನ್ನೇ ಕಾಯುತ್ತಿದ್ದೆ.

“ಹೋಯ್ತು. ಸುಣ್ಣ ಅದು,” ಎಂದರು. “ದನಿಪೆಟ್ಟಿಗೆ ಬರೀ ಊದಿದೆ, ಸ್ವಲ್ಪ ದಿನ ಮಾತು ಬಂದ್. ಆದ್ರೆ ಕೆನ್ನೆ ಒಳಗೆಲ್ಲ ಬೆಂದ ಹಾಗಿದೆ. ಕವಳ ಬಿಡದಿದ್ರೆ, ಮುಂದೊಂದಿನ ಕಾಣೋದು ತೊಳೆದ್ರೂ ಹೋಗಲ್ಲ.”

ಮರಳುವಾಗ ರಿಪ್ಪನ್‌ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಅಭ್ಯಾಸಬಲದಿಂದ ನನ್ನ ಕೈ ಜೇಬಿನ ಸುಣ್ಣದ ಡಬ್ಬಿಗೆ ಹೋಯಿತು. ಸಾವಿತ್ರಿ ನೋಡಿಯೇಬಿಟ್ಟಳು.

“ಈಗ ಎಷ್ಟು? ಬೆರಳ ತುದಿಯಾ, ಉಗುರ ತುದಿಯಾ?”

ವಾದಿಸಲು ಅಪ್ಪಣೆಯಿರಲಿಲ್ಲ, ಇದ್ದಿದ್ದರೂ ವಾದಿಸುತ್ತಿರಲಿಲ್ಲ. ಡಬ್ಬಿ ತೆಗೆದು ಅವಳ ಕೈಯಲ್ಲಿಟ್ಟೆ. ಡಾಕ್ಟರಮ್ಮನ ಮುಂದೆ ಕಣ್ಣು ತೇವ ಮಾಡಿಕೊಳ್ಳದಿದ್ದವಳು, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಸ್‌ಸ್ಟ್ಯಾಂಡಿನ ಅಷ್ಟೂ ಜನರ ನಡುವೆ ಅತ್ತುಬಿಟ್ಟಳು.